ಟೋಬಿ ಮಾಬ್ರಿಯ ಬಲಗೈ

ಟೋಬಿ ಮಾಬ್ರಿಯ ಬಲಗೈಗೆ ಏನೋ ಆಗಿದೆ ಎಂದು ಈ ಭೂಮಿಯ ಮೇಲೆ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನ್ನ ಹಿಂಭಾಗಕ್ಕೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಅಷ್ಟು ನಗುವಂಥದ್ದೇನೂ ಇಲ್ಲ.

ನಾನು ಎರ್ನಿ ಟಕಾಚ್, ಟೊಲೆಡೊ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಸೆಂಟರ್. ಒಂಬತ್ತು ವರ್ಷ ನನ್ನ ಕೆಲಸ ಇಷ್ಟೇ: ಚೆಂಡಿನ ಮೇಲೆ ಬಗ್ಗಿ ನಿಲ್ಲುವುದು, ಹಿಂದೆ ನಿಂತ ಟೋಬಿ ಕೂಗು ಹಾಕಿದಾಗ ಅದನ್ನು ಕಾಲ ಸಂದಿಯಿಂದ ಅವನ ಕೈಗೆ ಕೊಡುವುದು, ಆಮೇಲೆ ಅವನನ್ನು ಕೆಡವಲು ನುಗ್ಗಿ ಬರುವ ಗೂಳಿಗಳಿಗೆ ಅಡ್ಡ ನಿಂತು ಗುದ್ದು ತಿನ್ನುವುದು. ಟೋಬಿ ನಮ್ಮ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನು ಅವನು, ಆಟ ನಡೆಸುವವನು ಅವನು, ಹೆದ್ದಾರಿಯ ಬದಿಯ ಬೋರ್ಡಿನಲ್ಲಿ ಹಲ್ಲು ಕಿರಿಯುವವನೂ ಅವನೇ. ಗೆದ್ದರೆ ಅವನಿಂದ ಗೆದ್ದೆವು, ಸೋತರೆ ಅವನಿಂದ ಸೋತೆವು. ಊರಿಗೆ ನನ್ನ ಹೆಸರು ನೆನಪಾಗುವುದು ನಾನು ತಪ್ಪು ಮಾಡಿದಾಗ ಮಾತ್ರ. ಅದಕ್ಕೇ ಮುಂದಿನ ಸಾಲಿನಲ್ಲಿ ಗುದ್ದು ತಿನ್ನುವ ನಾವು ಐದು ಜನ ದಢೂತಿಗಳು ಅವನನ್ನು ದೊರೆ ಎಂದು ಕರೆಯುತ್ತಿದ್ದೆವು. ಅವನು ನನ್ನನ್ನು ಡುಮ್ಮಣ್ಣ ಎನ್ನುತ್ತಿದ್ದ. ನಾನು ಅವನಿಗಿಂತ ಮೂರು ವರ್ಷ ದೊಡ್ಡವನು, ತೂಕದಲ್ಲಿ ಎಷ್ಟು ದೊಡ್ಡವನೆಂದು ಇಲ್ಲಿ ಹೇಳುವುದಿಲ್ಲ.

ಚೆಂಡು ಪಡೆಯುವಾಗ ಅವನು ನನಗೆ ತಾಗಿಕೊಂಡು ನಿಂತು ಎರಡೂ ಕೈಯನ್ನು ನನ್ನ ತೊಡೆಗಳ ನಡುವೆ ಒಡ್ಡುತ್ತಾನೆ. ಬಲಗೈ ಮೇಲೆ, ಎಡಗೈ ಕೆಳಗೆ. ಬಲಗೈಯ ಹಿಂಬದಿಯಿಂದ ಮೇಲಕ್ಕೆ ಒತ್ತಿ ಹಿಡಿಯಬೇಕು. ಚೆಂಡನ್ನು ಎಲ್ಲಿಗೆ ತಂದು ಬಡಿಯಬೇಕೆಂದು ನನಗೆ ತಿಳಿಯುವುದು ಆ ಒತ್ತಿನಿಂದಲೇ; ನನ್ನ ಕಣ್ಣು ಎದುರಿನವನ ಮೇಲಿರುತ್ತದೆ. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬಂದು ಕೈ ಇಟ್ಟರೆ ನನಗೆ ತಟ್ಟನೆ ಗೊತ್ತಾಗುತ್ತದೆ. ನನ್ನ ಹೆಂಡತಿ ಮಾರ್ಗಿಟ್ ಬಂದವರೆದುರು ಹೇಳುವುದುಂಟು, "ಆ ಟೋಬಿ ಇವರನ್ನ ಮುಟ್ಟಿದಷ್ಟು ಸಲ ನಾನೂ ಮುಟ್ಟಿಲ್ಲ ಕಣ್ರೀ, ಮದುವೆಯಾಗಿ ಏನು ಬಂತು" ಎಂದು.

ನವೆಂಬರಿನಲ್ಲಿ ಒಮಾಹಾ ತಂಡದವರೊಡನೆ ಆಡುವಾಗ ಒಬ್ಬ ಹಿಂದಿನಿಂದ ಬಂದು ಟೋಬಿಗೆ ಗುದ್ದಿದ. ತಲೆ ಹಿಂದಕ್ಕೆ ಎಗರಿತು. ಎದ್ದಾಗ ಬಲಗೈ ಜೋತುಬಿದ್ದಿತ್ತು. ಅವನು ಅದನ್ನು ಒದ್ದೆ ಬಟ್ಟೆ ಕೊಡವುವ ಹಾಗೆ ಎರಡು ಸಲ ಕೊಡವಿ, ನನ್ನ ಹೆಲ್ಮೆಟ್ಟಿಗೆ ಎಡಗೈಯಿಂದ ಹೊಡೆದು, ನಕ್ಕ. ಅಂಥದ್ದು ನಮ್ಮಲ್ಲಿ ದಿನಾ ಆಗುತ್ತದೆ. ಆದರೆ ಆ ವಾರದ ಅಭ್ಯಾಸದಲ್ಲಿ ಅವನು ಕೈ ಒಡ್ಡಿದಾಗ ಮೇಲಿನ ಒತ್ತು ಇರಲಿಲ್ಲ. ಕೈ ಇತ್ತು, ಸುಮ್ಮನೆ ತಾಗಿಕೊಂಡು. ಚೆಂಡು ಕೈಗೆ ಬಡಿದು ನೆಲಕ್ಕೆ ಬಿತ್ತು.

"ಏನೋ ದೊರೆ, ಕೈ ಮನೇಲೇ ಬಿಟ್ಟು ಬಂದ್ಯಾ?" ಎಂದೆ.

"ಚಳಿ ಕಣೋ ಡುಮ್ಮಣ್ಣ. ನಿಂಗೇನು, ಮೈತುಂಬ ಕೊಬ್ಬು. ನಾವು ಬಡವರು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಟೆಕ್ಸಸ್ಸಿನವನು, ನಮ್ಮ ಈರಿ ಸರೋವರದ ಮೇಲಿಂದ ಬೀಸುವ ಗಾಳಿಯನ್ನು ಒಂಬತ್ತು ವರ್ಷದಿಂದಲೂ ಬೈಯುತ್ತಿದ್ದಾನೆ. ಆದರೆ ನಾವು ಅಭ್ಯಾಸ ಮಾಡುತ್ತಿದ್ದ ಒಳಾಂಗಣಕ್ಕೆ ನಾಲ್ಕು ಗೋಡೆ, ಮೇಲೆ ಚಾವಣಿ, ಬೆಚ್ಚಗಿನ ಗಾಳಿಯ ಯಂತ್ರ ಎಲ್ಲ ಇತ್ತು. ನಾವು ಅಂಗಿ ತೋಯುವಷ್ಟು ಬೆವರುತ್ತಿದ್ದೆವು.

ಗುರುವಾರದ ರಾತ್ರಿಯೂಟ ನಮ್ಮ ಮನೆಯಲ್ಲಿ. ಸಾಲಿನ ಐದು ಜನ ಮತ್ತು ಟೋಬಿ. ನಾನು ತಂಡಕ್ಕೆ ಬಂದಾಗಿನಿಂದ ತಪ್ಪದ ಪದ್ಧತಿ. ಮಾರ್ಗಿಟ್ ನಮ್ಮಜ್ಜಿಯ ಕ್ರಮದಲ್ಲೇ ಕೆಂಪು ಮೆಣಸಿನಪುಡಿ ಹಾಕಿ ಕೋಳಿ ಬೇಯಿಸುತ್ತಾಳೆ, ಜೊತೆಗೆ ಹಿಟ್ಟಿನ ಪುಟ್ಟ ಉಂಡೆಗಳು. ಆ ಗುರುವಾರ ಮಿಕ್ಕವರೆಲ್ಲ ಹಜಾರದಲ್ಲಿ ಕೂತು ಟಿವಿಗೆ ಬೈಯುತ್ತಿದ್ದರು. ಟೋಬಿ ಅಡುಗೆಮನೆಗೆ ಬಂದ. "ಅತ್ತಿಗೆ, ಕೊಡಿ ಇಲ್ಲಿ, ಈ ಡುಮ್ಮ ಹೊತ್ತು ತಂದ್ರೆ ದಾರೀಲೇ ಅರ್ಧ ಖಾಲಿ ಆಗುತ್ತೆ" ಎನ್ನುತ್ತ ಕಾದ ಓವನ್ನಿನ ಬಾಗಿಲು ತೆಗೆದು ಕಬ್ಬಿಣದ ಬಾಣಲೆಯ ಹಿಡಿಯನ್ನು ಬರಿಗೈಯಲ್ಲಿ ಹಿಡಿದ. ಬಲಗೈಯಲ್ಲಿ. ಎತ್ತಿದ. ಮಾತಾಡುತ್ತಲೇ ನಾಲ್ಕು ಹೆಜ್ಜೆ ನಡೆದು ಮೇಜಿನ ಮೇಲಿಟ್ಟ.

ಮಾರ್ಗಿಟ್ ಕೈಯಲ್ಲಿದ್ದ ದಪ್ಪ ಬಟ್ಟೆ ಹಿಡಿದುಕೊಂಡೇ ಕಲ್ಲಾಗಿ ನಿಂತಳು. ಸುಟ್ಟ ವಾಸನೆ ನನ್ನ ಮೂಗಿಗೂ ಬಡಿಯಿತು. ಟೋಬಿ ನಮ್ಮಿಬ್ಬರ ಮುಖ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ಅಂಗೈಯ ಅಂಚಿನಲ್ಲಿ, ಕೊನೆಯ ಎರಡು ಬೆರಳಿನ ಬುಡದಲ್ಲಿ ಚರ್ಮ ಬೆಳ್ಳಗಾಗಿತ್ತು. ನೋಡಿದ ಮೇಲೆ ಅವನು "ಅಯ್ಯೋ" ಅಂದ. ನೋವಿನಿಂದ ಬಂದ ಅಯ್ಯೋ ಯಾವುದು, ನಮಗಾಗಿ ಅಂದ ಅಯ್ಯೋ ಯಾವುದು ಎಂದು ನನಗೆ ಗೊತ್ತಾಗುತ್ತದೆ.

ತಣ್ಣೀರಿನಲ್ಲಿ ಕೈ ಹಿಡಿಸಿ, ಮುಲಾಮು ಹಚ್ಚಿಸಿ, ಅವನನ್ನು ಕಾರು ಶೆಡ್ಡಿಗೆ ಎಳೆದುಕೊಂಡು ಹೋದೆ.

"ಕಣ್ಣು ಮುಚ್ಚು."

"ಯಾಕೆ, ಮುತ್ತು ಕೊಡ್ತೀಯಾ?"

"ಮುಚ್ಚೋ ಅಂದ್ರೆ ಮುಚ್ಚೋ."

ಮುಚ್ಚಿದ. "ಒತ್ತಿದಾಗ ಯಾವ ಬೆರಳು ಅಂತ ಹೇಳು" ಎಂದು ಅವನ ಕಿರುಬೆರಳನ್ನು ನನ್ನ ಉಗುರಿನಿಂದ ಒತ್ತಿದೆ.

ಅವನು ಮಾತಾಡಲಿಲ್ಲ. ಇನ್ನೂ ಜೋರಾಗಿ ಒತ್ತಿದೆ, ಉಗುರಿನ ಗುರುತು ಮೂಡುವ ಹಾಗೆ.

"ಶುರು ಮಾಡೋ ಮಾರಾಯ, ಎಷ್ಟೊತ್ತು ಕಾಯ್ಲಿ" ಎಂದ ಟೋಬಿ.

ನಾನು ಕೈ ಬಿಟ್ಟೆ. ಅವನು ಕಣ್ಣು ತೆರೆದು ನನ್ನ ಮುಖ ನೋಡಿ ವಿಷಯ ಅರ್ಥ ಮಾಡಿಕೊಂಡ. ಹಳೆಯ ಟೈರಿನ ಮೇಲೆ ಕುಸಿದು ಕೂತ. ಆಮೇಲೆ ಎಲ್ಲ ಹೇಳಿದ. ಕೊನೆಯ ಎರಡು ಬೆರಳು ಸತ್ತುಹೋಗಿವೆ, ಮೂರನೆಯದು ಬಂದು ಹೋಗಿ ಮಾಡುತ್ತಿದೆ. ಉಳಿದೆರಡು ಬೆರಳಿನ ಮೇಲೆಯೇ ಚೆಂಡು ಎಸೆಯುತ್ತಿದ್ದಾನೆ. ಹೆಂಡತಿಗೂ ಹೇಳಿಲ್ಲ.

"ಅಷ್ಟೇನಾ?" ಎಂದೆ.

"ಕತ್ತು ಮುಂದಕ್ಕೆ ಬಗ್ಸಿದ್ರೆ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗಾಗುತ್ತೆ. ಕಾಲಿನ ತನಕ ಹೋಗುತ್ತೆ. ಒಂದೇ ಕ್ಷಣ."

ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಆಡುತ್ತಿದ್ದ ಡೆಲ್ರಾಯ್ ಪೆಂಬರ್ಟನ್ ಹೀಗೇ ಹೇಳುತ್ತಿದ್ದ, ಕರೆಂಟ್ ಎಂಬ ಮಾತೇ ಅವನದೂ. ನಾವು ಅವನಿಗೆ ಬಲ್ಬು ಎಂದು ಹೆಸರಿಟ್ಟು ಗೇಲಿ ಮಾಡಿದೆವು. ಒಂದು ಶನಿವಾರ ಅವನು ತಲೆ ತಗ್ಗಿಸಿ ಗುಂಪಿನೊಳಗೆ ನುಗ್ಗಿದ, ಎಲ್ಲರೂ ಎದ್ದರು, ಅವನು ಏಳಲಿಲ್ಲ. ಈಗಲೂ ಪ್ರತಿ ಈಸ್ಟರ್‌ಗೆ ಹೋಗಿ ನೋಡಿ ಬರುತ್ತೇನೆ. ಲೋಟಕ್ಕೆ ಕೊಳವೆ ಇಟ್ಟು ಬಾಯಿಗೆ ಹಿಡಿದರೆ ಬಿಯರ್ ಕುಡಿಯುತ್ತಾನೆ, ಜೋಕು ಹೇಳುತ್ತಾನೆ. ಮನೆಗೆ ಬಂದು ನಾನು ಎರಡು ದಿನ ಯಾರ ಜೊತೆಗೂ ಮಾತಾಡುವುದಿಲ್ಲ.

ಇದನ್ನೆಲ್ಲ ಟೋಬಿಗೆ ಹೇಳಿದೆ. "ನಾಳೆ ಡಾಕ್ಟರ್ ಹತ್ರ ಹೋಗು" ಎಂದೆ.

"ಹೋದ್ರೆ ಕತ್ತಿನ ಫೋಟೋ ತೆಗೀತಾರೆ. ಒಂದ್ಸಲ ತೆಗೆದ ಮೇಲೆ ಮುಗೀತು. ಈಗ ಬರೀ ಜುಮ್ಮು ಅಷ್ಟೆ. ಆಮೇಲೆ ಅದಕ್ಕೊಂದು ಹೆಸರು ಬರುತ್ತೆ."

"ಬರಲಿ. ಹೆಸರು ಬಂದ್ರೆ ಔಷಧಿನೂ ಬರುತ್ತೆ."

"ನಂಗೆ ಮೂವತ್ತಮೂರು ಕಣೋ ಎರ್ನಿ. ಈ ವರ್ಷಕ್ಕೆ ಕರಾರು ಮುಗಿಯುತ್ತೆ. ಹಿಂದೆ ಆ ಹೊಸ ಕ್ವಾರ್ಟರ್‌ಬ್ಯಾಕ್ ಹುಡುಗ ನನ್ನ ಜಾಗಕ್ಕೆ ಕಾದು ಕೂತಿದಾನೆ. ಆರು ವರ್ಷದ ಕೂಸಾಗಿದ್ದಾಗಿಂದ ನಾನು ಮಾಡಿರೋದು ಇದೊಂದೇ. ಚೆಂಡು ಎಸೆಯೋದು. ಬೇರೆ ಏನು ಬರುತ್ತೆ ನಂಗೆ, ಹೇಳು. ಬಾಣಲೆ ಎತ್ತೋಕೂ ಬರಲ್ಲ." ನಗಲು ನೋಡಿದ, ಆಗಲಿಲ್ಲ. "ವರ್ಷ ಮುಗೀಲಿ, ಆಮೇಲೆ ತೋರಿಸ್ತೀನಿ. ನೀನು ಬಾಯಿಬಿಟ್ಟರೆ ಮಾತ್ರ ನನ್ನ ಪಾಲಿಗೆ ಸತ್ತೆ ಅಂದ್ಕೊ."

ನಮ್ಮಲ್ಲಿ ಒಬ್ಬನ ಗಾಯವನ್ನು ಇನ್ನೊಬ್ಬ ಹೇಳುವ ಹಾಗಿಲ್ಲ. ಎಲ್ಲೂ ಬರೆದಿಲ್ಲ, ಆದರೆ ಅದನ್ನು ಮುರಿದವನ ಪಕ್ಕ ಊಟಕ್ಕೆ ಯಾರೂ ಕೂರುವುದಿಲ್ಲ. ನನ್ನ ಮೊಣಕಾಲು ಕಿತ್ತುಬಂದಿದ್ದ ಒಂದು ಇಡೀ ಡಿಸೆಂಬರ್ ಟೋಬಿ ಬಾಯಿಗೆ ಬೀಗ ಹಾಕಿಕೊಂಡಿದ್ದ, ನಾನು ಬಲಕ್ಕೆ ಓಡಬೇಕಾದ ಆಟಗಳನ್ನೆಲ್ಲ ಸದ್ದಿಲ್ಲದೆ ಎಡಕ್ಕೆ ತಿರುಗಿಸಿದ್ದ. ಆ ಋಣ ನನ್ನ ತಲೆಯ ಮೇಲಿತ್ತು. ಆಯಿತು ಎಂದೆ. ಅಂದ ಕ್ಷಣದಿಂದ ನನ್ನ ನಿದ್ದೆ ಹೋಯಿತು.

ಆಮೇಲಿನ ವಾರಗಳಲ್ಲಿ ನಾನು ಮನುಷ್ಯನಾಗಿರಲಿಲ್ಲ. ಟೋಬಿಯ ಮೈಗೆ ಒಬ್ಬನ ನೆರಳೂ ತಾಗಬಾರದೆಂದು ಹುಚ್ಚು ಹಿಡಿದವನಂತೆ ಆಡಿದೆ. ಪತ್ರಿಕೆಯವರು ಎರ್ನಿ ಟಕಾಚನಿಗೆ ಈ ವಯಸ್ಸಿನಲ್ಲಿ ಹರೆಯ ಬಂದಿದೆ ಎಂದು ಬರೆದರು. ಹರೆಯವಲ್ಲ, ಕರ್ಮ. ಟೋಬಿ ಬಿದ್ದಾಗಲೆಲ್ಲ ನಾನು ಚೆಂಡು ಎಲ್ಲಿಗೆ ಹೋಯಿತೆಂದು ನೋಡದೆ ಅವನ ಕಾಲು ನೋಡುತ್ತಿದ್ದೆ. ಶೂ ಅಲ್ಲಾಡಿತೆ? ಅಲ್ಲಾಡಿದರೆ ನನಗೆ ಉಸಿರು ಬರುತ್ತಿತ್ತು. ಕೈ ಹಿಡಿದು ಎಬ್ಬಿಸುವಾಗ "ಸರಿ ಇದೀಯಾ?" ಎಂದರೆ "ಹೆಂಡತಿ ಥರ ಕೇಳ್ಬೇಡ" ಎನ್ನುತ್ತಿದ್ದ.

ಟೋಬಿ ನನಗೆ ತಾಗಿ ನಿಲ್ಲದೆ ನಾಲ್ಕೈದು ಗಜ ಹಿಂದೆ ನಿಂತರೆ ಚೆಂಡನ್ನು ಗಾಳಿಯಲ್ಲಿ ಹಿಡಿಯಬಹುದು, ಎಡಗೈಯ ಆಸರೆ ಸಿಗುತ್ತದೆ. ಕೋಚ್ ಹ್ಯಾಲೊರನ್ ಬಳಿ ನಾನೇ ಹೋಗಿ, ಎದುರಿನವರ ಚಲನೆ ದೂರದಿಂದ ಚೆನ್ನಾಗಿ ಕಾಣುತ್ತದೆ, ಅದು ಇದು ಎಂದು ಏನೇನೋ ಪೋಣಿಸಿ ಒಪ್ಪಿಸಿದೆ. ಅವರು ಹುಬ್ಬೇರಿಸಿ "ನೀನ್ಯಾವಾಗಿಂದ ಕೋಚ್ ಆದೆ ಎರ್ನಿ?" ಎಂದರೂ ಒಪ್ಪಿದರು. ಹಾಗಾಗಿ ಅಂಟಿ ನಿಲ್ಲುವ ಆಟ ಅಪರೂಪವಾಯಿತು. ಸುಟ್ಟ ಕೈಗೆ ಗ್ಲೋವ್ಸ್ ಬಂತು, ಚಳಿಗೆಂದು ಎಲ್ಲರೂ ತಿಳಿದರು. ಎಸೆತಗಳು ಮಾತ್ರ ನಡುಗುತ್ತಿದ್ದವು. ದೇವರ ದಯೆ, ಹಿಡಿಯುವವರು ಹಿಡಿಯುತ್ತಿದ್ದರು, ನಾವು ಗೆಲ್ಲುತ್ತಿದ್ದೆವು. ಗೆದ್ದಷ್ಟೂ ನನ್ನ ಎದೆಯ ಭಾರ ಹೆಚ್ಚುತ್ತಿತ್ತು, ಯಾಕೆಂದರೆ ಸೋತಿದ್ದರೆ ಆ ವರ್ಷ ಬೇಗ ಮುಗಿಯುತ್ತಿತ್ತು.

"ನೀನು ಕೋಚ್‌ಗೆ ಹೇಳ್ತೀಯೋ ಇಲ್ಲಾ ನಾನೇ ಫೋನ್ ಮಾಡ್ಲೋ?" ಎಂದಳು ಮಾರ್ಗಿಟ್ ಒಂದು ಬೆಳಗ್ಗೆ. ನಿದ್ದೆಗೆಟ್ಟ ನನ್ನಿಂದ ಅವಳು ಎಲ್ಲವನ್ನೂ ಬಾಯಿಬಿಡಿಸಿದ್ದಳು.

"ನೀನು ಇದರಲ್ಲಿ ಮೂಗು ತೂರಿಸ್ಬೇಡ. ಅವನ ಮನೆ ಹಾಳಾಗುತ್ತೆ."

"ಅವನು ಮಂಚದಲ್ಲಿ ಬಿದ್ಕೊಂಡ್ರೆ ಮನೆ ಉದ್ಧಾರ ಆಗುತ್ತಾ? ಗಂಡಸರ ಮರ್ಯಾದೆಗಿಷ್ಟು ಬೆಂಕಿ ಹಾಕ."

ಅವಳು ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿದ ರಭಸಕ್ಕೆ ಅರ್ಧ ಚೆಲ್ಲಿತು.

ಕೊನೆಯ ಆಟ ಲೂಯಿವಿಲ್‌ನವರೊಡನೆ, ನಮ್ಮದೇ ಮೈದಾನದಲ್ಲಿ. ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ಮಧ್ಯಾಹ್ನವೇ ಆದರೂ ಸರೋವರದ ಮೇಲಿಂದ ಹಿಮ ಬಂದು ಮೈದಾನ ಬೂದುಬಣ್ಣಕ್ಕೆ ತಿರುಗಿತ್ತು. ನಾನು ಹುಟ್ಟಿದ ಹಂಗೇರಿಯವರ ಓಣಿಯ ಜನವೆಲ್ಲ ಬಂದಿತ್ತು. ನನ್ನಪ್ಪನ ಜೊತೆ ಗಾಜಿನ ಕಾರ್ಖಾನೆಯಲ್ಲಿ ದುಡಿದ ಮುದುಕರು ಕಂಬಳಿ ಹೊದ್ದು, ಹಂಗೇರಿಯ ಸಾಸೇಜು ಕಡಿಯುತ್ತ ಕೂತಿದ್ದರು.

ಇಡೀ ಆಟ ನಾನು ಏನು ಮಾಡಿದೆನೆಂದು ಹೇಳುವುದು ಬೇಡ. ಕೊನೆಗೆ ಬರುತ್ತೇನೆ. ಲೂಯಿವಿಲ್‌ನವರು ನಾಲ್ಕು ಅಂಕ ಮುಂದಿದ್ದರು, ಗಡಿಯಾರ ಮುಗಿಯುತ್ತ ಬಂದಿತ್ತು. ಟೋಬಿ ಅದೆಲ್ಲಿಂದ ತಂದನೋ, ಆ ಸತ್ತ ಬೆರಳುಗಳಲ್ಲೇ ಎಸೆದು ಎಸೆದು ನಮ್ಮನ್ನು ಮೈದಾನದ ಆ ತುದಿಗೆ ಒಯ್ದ. ದಾಟಿದರೆ ಆರು ಅಂಕ ಸಿಗುವ ಗೆರೆಗೆ ಒಂದೇ ಗಜ. ಮೂರು ಸಲ ನುಗ್ಗಿದೆವು, ಓಟಗಾರನಿಗೆ ಚೆಂಡು ಕೊಟ್ಟು ನೋಡಿದೆವು, ಲೂಯಿವಿಲ್‌ನವರು ಗೋಡೆಯಂತೆ ನಿಂತರು. ಉಳಿದದ್ದು ನಾಲ್ಕನೆಯ ಯತ್ನ, ಕೊನೆಯದು. ಆ ಒಂದು ಗಜ ದಾಟಿದರೆ ಗೆಲುವು, ಇಲ್ಲದಿದ್ದರೆ ಇಲ್ಲ. ಕಾಲಿನಿಂದ ಒದ್ದು ಸಿಗುವ ಮೂರು ಅಂಕದಿಂದ ಯಾವ ಉಪಯೋಗವೂ ಇರಲಿಲ್ಲ.

ಕೋಚ್ ಆಟ ನಿಲ್ಲಿಸಿ ನಮ್ಮನ್ನು ಅಂಚಿಗೆ ಕರೆದರು.

"ಟೋಬಿ, ಎರ್ನಿಗೆ ಅಂಟಿಕೊಂಡು ನಿಲ್ಲು. ಚೆಂಡು ಕೈಗೆ ಬಂದ ಕೂಡಲೇ ತಲೆ ತಗ್ಗಿಸಿ ಅವನ ಬೆನ್ನ ಮೇಲೆ ನುಗ್ಗು. ಮಿಕ್ಕವರು ಹಿಂದಿನಿಂದ ತಳ್ಳಿ. ಒಂದು ಗಜ ಕಣ್ರೋ, ಒಂದೇ ಗಜ!"

ಆ ಆಟ ನಾವು ವರ್ಷಗಟ್ಟಲೆ ಆಡಿದ್ದೇವೆ. ಚೆಂಡು ಹಿಡಿದವನು ತಲೆಯನ್ನೇ ಮುಂದೆ ಮಾಡಿ ಗುಂಪಿನೊಳಗೆ ಬೀಳಬೇಕು, ಮುಂದಿನಿಂದ ಏಳೆಂಟು ಜನ, ಹಿಂದಿನಿಂದ ಮೂರ್ನಾಲ್ಕು ಜನ, ನಡುವೆ ಅವನ ಕತ್ತು.

"ಕೋಚ್, ಎಸೆಯೋಣ. ಅವರು ಇದನ್ನೇ ಕಾಯ್ತಿದಾರೆ" ಎಂದೆ.

"ನಿನ್ನನ್ನ ಯಾರು ಕೇಳಿದ್ರು?"

"ಟೋಬಿ, ನೀನಾದ್ರೂ ಹೇಳೋ."

ಟೋಬಿ ನನ್ನ ಮುಖಗವಸಿನ ಕಂಬಿ ಹಿಡಿದು ಹತ್ತಿರಕ್ಕೆ ಎಳೆದ. ಅವನ ಕಣ್ಣಲ್ಲಿ ನೀರು ತುಂಬಿತ್ತು, ಗಾಳಿಗೋ ಏನೋ. "ಡುಮ್ಮಣ್ಣ, ಒಂದೇ ಒಂದ್ಸಲ. ಚೆಂಡು ಕೊಡು, ಮುಂದೆ ನಡೆ, ಅಷ್ಟು ಸಾಕು. ಕೈ ಮುಗೀತೀನಿ."

ನಾವು ಹೋಗಿ ನಿಂತೆವು. ನನ್ನ ಎದುರು ಇಬ್ಬರು ಮಂಡಿಯೂರಿ, ತಲೆ ನೆಲಕ್ಕೆ ಇಳಿಸಿ, ಮೊದಲೇ ಗುರ್ ಎನ್ನುತ್ತಿದ್ದರು. ನಾನು ಬಗ್ಗಿ ಚೆಂಡಿನ ಮೇಲೆ ಕೈಯಿಟ್ಟೆ. ಟೋಬಿಯ ಕೈಗಳು ಬಂದವು. ಎಡಗೈ ಗೊತ್ತಾಯಿತು. ಬಲಗೈ ಬಂದಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಮೂರನೆಯ ಬೆರಳೂ ಹೋಯಿತು ಎಂದುಕೊಂಡೆ. ಬೆರಳಿನ ಲೆಕ್ಕ ನನಗೆ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ: ಒಳಗೆ ಏನೋ ಒಂದೊಂದೇ ಎಳೆ ಕಡಿಯುತ್ತಿದೆ, ಈಗ ಉಳಿದಿರುವುದು ಎಷ್ಟೋ. ಅವನ ತಲೆ ಬಂದು ಗುದ್ದುವುದು ನನ್ನ ಬೆನ್ನಿಗೆ. ಹಿಂದಿನವರೆಲ್ಲ ಸೇರಿ ಅವನನ್ನು ನನ್ನ ಮೇಲೆಯೇ ತಳ್ಳುತ್ತಾರೆ.

ಟೋಬಿ ಕೂಗು ಶುರು ಮಾಡಿದ. ಎರಡನೆಯ ಕೂಗಿಗೆ ಚೆಂಡು ಕೊಡಬೇಕು. ಚೆಂಡು ಹೊರಡುವ ಮೊದಲು ನಮ್ಮ ಸಾಲಿನಲ್ಲಿ ಒಬ್ಬನ ಭುಜ ಅಲುಗಿದರೂ ತಪ್ಪು, ಐದು ಗಜ ಹಿಂದಕ್ಕೆ ಹೋಗಬೇಕು. ಹೊಸಬರು ಮಾಡುವ ತಪ್ಪು ಅದು; ಕೂಗಿನ ಎಣಿಕೆ ಗೊತ್ತಿರುವ ಸೆಂಟರ್ ಮಾಡಿದರೆ ಮುಖ ತೋರಿಸುವ ಹಾಗಿಲ್ಲ. ನಾನಂತೂ ಯಾವ ಕಾಲದಲ್ಲಿ ಮಾಡಿದ್ದೆನೋ ನೆನಪೇ ಇಲ್ಲ.

ಮೊದಲ ಕೂಗು ಬಂತು. ನಾನು ಚೆಂಡು ಬಿಟ್ಟು ನೆಟ್ಟಗೆ ಎದ್ದು ನಿಂತೆ.

ಸೀಟಿ ಊದಿತು. ತಪ್ಪಿನ ಗುರುತಿಗೆ ತೀರ್ಪುಗಾರ ಎಸೆದ ಹಳದಿ ಬಟ್ಟೆ ಹಿಮದ ಮೇಲೆ ಬಿತ್ತು. ಮೇಲೆ ಜನರ ಸಾಲಿನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಆಮೇಲೆ ನನ್ನ ಸಂಖ್ಯೆಯನ್ನು ಮೈಕಿನಲ್ಲಿ ಕೂಗಿದರು. ನಮ್ಮೂರಿನ ಜನ ನನಗೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ನನ್ನಪ್ಪನ ಹೆಸರು ಹಿಡಿದೂ ಬೈದರು. ಟೋಬಿ ಹೆಲ್ಮೆಟ್ಟಿನೊಳಗಿಂದ ನನ್ನನ್ನು ಸುಮ್ಮನೆ ನೋಡಿದ, ಅದಕ್ಕಿಂತ ಬೈಗುಳವೇ ವಾಸಿಯಾಗಿತ್ತು.

ಆರು ಗಜದಿಂದ ತಲೆಯೊಡ್ಡಿ ನುಗ್ಗುವ ಹಾಗಿಲ್ಲ, ಎಸೆಯಲೇಬೇಕು. ಟೋಬಿ ದೂರ ನಿಂತ, ನಾನು ಚೆಂಡು ಕೊಟ್ಟೆ, ನನ್ನ ಎದುರಿನವನನ್ನು ಕತ್ತು ಹಿಡಿದು ನೆಲಕ್ಕೆ ಕೆಡವಿದೆ. ಮೂಲೆಯಲ್ಲಿ ನಮ್ಮವನೊಬ್ಬ ಒಂಟಿಯಾಗಿ ನಿಂತು ಕೈ ಬೀಸುತ್ತಿದ್ದ, ಟೋಬಿ ಕಣ್ಣುಮುಚ್ಚಿ ಎಸೆದರೂ ಹೋಗಿ ಸೇರುವ ಜಾಗ ಅದು. ಚೆಂಡು ಟೋಬಿಯ ಕೈಯಿಂದ ಜಾರಿ, ಅಡ್ಡಡ್ಡ ಹೊರಳುತ್ತ, ನಡುದಾರಿಯಲ್ಲಿ ಲೂಯಿವಿಲ್‌ನವನೊಬ್ಬನ ಎದೆಗೆ ಹೋಗಿ ಬಿತ್ತು. ಆಟ ಮುಗಿಯಿತು. ನಾನು ತಿರುಗಿ ನೋಡಿದೆ. ಟೋಬಿ ತನ್ನ ಎರಡು ಕಾಲ ಮೇಲೆ ನಿಂತಿದ್ದ. ಅಷ್ಟು ಸೋಲಿನ ನಡುವೆ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಯಾರಾದರೂ ಕಂಡಿದ್ದರೆ ಅಲ್ಲೇ ಹೊಡೆದು ಹಾಕುತ್ತಿದ್ದರು.

ಬಟ್ಟೆ ಬದಲಿಸುವ ಕೊಠಡಿಯಲ್ಲಿ ಯಾರೂ ನನ್ನ ಹತ್ತಿರ ಬರಲಿಲ್ಲ. ಕೋಚ್ ದೂರದಿಂದಲೇ ಒಂದು ಟವೆಲು ನೆಲಕ್ಕೆ ಎಸೆದು ಹೋದರು. ಪತ್ರಿಕೆಯವರು ಮಾತ್ರ ಮುತ್ತಿಕೊಂಡು ಮೈಕು ಬಾಯಿಗೆ ತುರುಕಿದರು.

"ಏನಾಯ್ತು ಎರ್ನಿ?"

"ಎಣಿಕೆ ತಪ್ಪಿತು."

"ಇಷ್ಟು ವರ್ಷದ ಅನುಭವ ಇಟ್ಕೊಂಡು?"

"ತಪ್ಪಿತು ಅಂದ್ನಲ್ಲ. ತಪ್ಪು ನಂದು, ಬರ್ಕೊಳ್ಳಿ. ಹೆಸರಿನ ಕಾಗುಣಿತ ಗೊತ್ತಿದ್ಯೋ?"

ಅವರು ಹೋದ ಮೇಲೆ ಟೋಬಿ ಬಂದ. ಭುಜದ ಕವಚ ಇನ್ನೂ ಕಳಚಿರಲಿಲ್ಲ. ನನ್ನ ಮುಂದೆ ನಿಂತು ತಗ್ಗಿದ ದನಿಯಲ್ಲಿ ಕೇಳಿದ, "ಬೇಕಂತಲೇ ಮಾಡಿದ್ಯಾ?"

"ಹೌದು."

"ನಾನು ದಾಟ್ತಿದ್ದೆ ಕಣೋ. ಒಂದು ಗಜ! ನಾನು ದಾಟ್ತಿದ್ದೆ!"

"ದಾಟ್ತಿದ್ದೆ. ಆಮೇಲೆ ಎದ್ದು ಬರ್ತಿದ್ಯಾ?"

"ಅದು ನನ್ನ ಕತ್ತು. ನಿನ್ನಪ್ಪಂದಲ್ಲ."

"ಕತ್ತು ನಿಂದೇ ದೊರೆ. ಬೆನ್ನು ನಂದು. ನೀನು ಬಂದು ಗುದ್ದೋದು ನನ್ನ ಬೆನ್ನಿಗೆ. ಅದು ಲಟಕ್ ಅಂದಿದ್ರೆ ಎಲ್ಲರಿಗಿಂತ ಮೊದಲು ಗೊತ್ತಾಗ್ತಿದ್ದದ್ದು ನಂಗೆ. ಆಮೇಲೆ ಸಾಯೋವರೆಗೂ ಆ ಸದ್ದು ಇಟ್ಕೊಂಡು ನಾನೇನು ಮಾಡ್ಲಿ?" ಅಷ್ಟು ದೊಡ್ಡ ಮೈ ಇಟ್ಟುಕೊಂಡು ಅಳುವುದು ಚೆನ್ನಾಗಿ ಕಾಣುವುದಿಲ್ಲ, ಆದರೂ ಅತ್ತೆ.

ಅವನು ಹಲ್ಲು ಕಚ್ಚಿಕೊಂಡು ನಿಂತ. "ಮುಂದಿನ ವರ್ಷ ಆಡ್ತೀನಿ ನೋಡ್ತಿರು. ನಿನ್ನ ಜೊತೆ ಅಲ್ಲ" ಎಂದು, ಹೊರಟುಹೋದ.

ಸೋತ ಕ್ವಾರ್ಟರ್‌ಬ್ಯಾಕ್ ಪತ್ರಿಕೆಯವರೆದುರು ಮೇಜಿನ ಹಿಂದೆ ಕೂತು ಮಾತಾಡಬೇಕು, ಅದು ನಿಯಮ. ನಮ್ಮ ಕೊಠಡಿಯ ಗೋಡೆಯ ಟಿವಿಯಲ್ಲಿ ಅದು ಬರುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಚೀಲ ತುಂಬುತ್ತಿದ್ದರು. ನಾನು ಒಂದು ಶೂ ಬಿಚ್ಚಿ, ಇನ್ನೊಂದು ಬಿಚ್ಚಲು ತ್ರಾಣವಿಲ್ಲದೆ ಕೂತಿದ್ದೆ. ಟೋಬಿಯ ಪಕ್ಕದಲ್ಲಿ ಕೋಚ್ ಕೂತಿದ್ದರು. ಒಬ್ಬ ಕೇಳಿದ, ಟಕಾಚನಿಗೆ ವಯಸ್ಸಾಯಿತಲ್ಲವೆ, ಇಡೀ ವರ್ಷದ ದುಡಿಮೆಯನ್ನು ಅವನು ಹಾಳು ಮಾಡಿದನಲ್ಲ, ಮುಂದಿನ ವರ್ಷ ನಿಮ್ಮ ಮುಂದೆ ಹೊಸ ಸೆಂಟರ್ ಬೇಕೆಂದು ಕೇಳುತ್ತೀರಾ ಎಂದು.

ಇಂಥದ್ದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ: ಗೆದ್ದರೂ ಎಲ್ಲರೂ, ಸೋತರೂ ಎಲ್ಲರೂ. ಅಷ್ಟು ಅಂದು ಎದ್ದು ಬರಬಹುದಿತ್ತು. ಟೋಬಿ ಮೈಕನ್ನು ನೋಡುತ್ತ ಕೂತ. ನೀರಿನ ಲೋಟ ತೆಗೆದುಕೊಂಡ, ಎಡಗೈಯಲ್ಲಿ. ಕುಡಿದ. ಆಮೇಲೆ ಬಲಗೈಯ ಗ್ಲೋವ್ಸನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದು, ಕೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಸುಟ್ಟ ಗಾಯ ಇನ್ನೂ ಮಾಯ್ದಿರಲಿಲ್ಲ.

"ಎರ್ನಿ ಎಣಿಕೆ ತಪ್ಪಿಲ್ಲ" ಎಂದ. "ಅವನು ಬೇಕಂತಲೇ ಎದ್ದು ನಿಂತ. ನನ್ನ ಈ ಕೈಗೆ ನವೆಂಬರಿನಿಂದ ಸ್ಪರ್ಶ ಇಲ್ಲ. ಕತ್ತಿನಿಂದ ಬಂದಿರೋದು. ನಾನು ಬಚ್ಚಿಟ್ಟಿದ್ದೆ, ಅವನಿಗೆ ಹೇಳ್ಬೇಡ ಅಂತ ಆಣೆ ಹಾಕಿದ್ದೆ. ನಾನು ತಲೆ ಕೊಟ್ಟು ನುಗ್ಗಬಾರದು ಅಂತ ಅವನು ಊರಿನವರ ಬೈಗುಳ ತಿಂದ. ಬೈಯೋದಿದ್ರೆ ನಂಗೆ ಬೈರಿ."

ಕೋಚ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಎಲ್ಲರೂ ಒಟ್ಟಿಗೆ ಕೂಗತೊಡಗಿದರು, ಏನೂ ಕೇಳಿಸಲಿಲ್ಲ. ನಮ್ಮ ಕೊಠಡಿಯಲ್ಲಿ ಒಬ್ಬೊಬ್ಬರೇ ಚೀಲ ಕೆಳಗಿಟ್ಟು ನನ್ನ ಕಡೆ ತಿರುಗಿದರು. ನನಗೆ ಹೆಮ್ಮೆಯೂ ಆಗಲಿಲ್ಲ, ನೆಮ್ಮದಿಯೂ ಆಗಲಿಲ್ಲ. ಅವನು ಅಲ್ಲಿ ಕೂತು ನನ್ನ ಹೆಸರು ಉಳಿಸಲು ತನ್ನ ಆಟವನ್ನು ತನ್ನ ಬಾಯಿಂದಲೇ ಮುಗಿಸಿದ್ದ. ಇನ್ನು ಯಾವ ತಂಡವೂ ಅವನ ಕೈಗೆ ಚೆಂಡು ಕೊಡುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹೇಳಿದವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆಯಿತು. ಟೋಬಿ ಒಳಗೆ ಬಂದ. ಎಲ್ಲರೂ ದಾರಿ ಬಿಟ್ಟರು. ಅವನು ನೇರ ನನ್ನ ಮುಂದೆ ಬಂದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕತ್ತಿನ ಫೋಟೋ ತೆಗೀಬೇಕಂತೆ. ಆಸ್ಪತ್ರೆಗೆ ಈಗಲೇ ಹೊರಡು ಅಂತಿದಾರೆ" ಎಂದ.

"ಹೂಂ."

"ಗಾಡಿ ಹೊರಗೆ ನಿಂತಿದೆ."

"ಹೂಂ, ಹೋಗು ಮತ್ತೆ."

ಅವನು ಹೋಗಲಿಲ್ಲ. ಸುತ್ತ ಅಷ್ಟು ಜನ ನೋಡುತ್ತಿದ್ದರೂ ಅವನಿಗೆ ಅವರ ಪರಿವೆಯಿರಲಿಲ್ಲ.

"ನಂಜೊತೆ ಬಾರೋ ಎರ್ನಿ" ಎಂದ. "ನಂಗೆ ಭಯ ಆಗ್ತಿದೆ."

ಮೂಳೆ ಮುರಿದಾಗ, ಹಲ್ಲು ಉದುರಿದಾಗ, ಅವನಪ್ಪ ಸತ್ತ ಸುದ್ದಿ ಬಂದ ದಿನವೇ ಮೈದಾನಕ್ಕೆ ಇಳಿದಾಗ, ಯಾವಾಗಲೂ ನಾನು ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನಾನು ಒಂದೇ ಶೂನಲ್ಲಿ ಎದ್ದು ಅವನ ಜೊತೆ ಹೊರಟೆ.